ಏನೂ ಆಗದ ದಿನ ತೆಗೆದ ಚಿತ್ರ: ಕರಾವಳಿಯ ಹಾನಿ ಮತ್ತು ಉಪಗ್ರಹ ರೇಡಾರ್

ಬಂದರು ಹಾಳಾಯಿತು ಅಂದರೆ ನಮ್ಮ ಕಣ್ಣ ಮುಂದೆ ಏನು ಬರುತ್ತದೆ? ಒಡೆದ ಕಾಂಕ್ರೀಟು, ಮಗುಚಿದ ಬೋಟು, ಮುರಿದು ಬಿದ್ದ ಕ್ರೇನು. ನಾನು ಮೊದಲು ಹೇಳಲಿರುವ ಬಂದರಿನಲ್ಲಿ ದಕ್ಕೆ ಇತ್ತು, ತಡೆಗೋಡೆ ಇತ್ತು, ಬೋಟುಗಳೂ ಇದ್ದವು. ನೀರೇ ಇರಲಿಲ್ಲ.

ಜಪಾನಿನ ನೋಟೊ ಪರ್ಯಾಯ ದ್ವೀಪದ ಕಥೆ ಇದು. 2024ರ ಜನವರಿ 1, ಸಂಜೆ 4 ಗಂಟೆ 10 ನಿಮಿಷ. ಹೊಸ ವರ್ಷ ಅಲ್ಲಿ ದೊಡ್ಡ ಹಬ್ಬ. ಊರು ಬಿಟ್ಟು ಹೋದವರೆಲ್ಲ ಮನೆಗೆ ಬಂದಿರುತ್ತಾರೆ. ಆಗ 7.6 ತೀವ್ರತೆಯ ಭೂಕಂಪವಾಯಿತು. ಇನ್ನೂರಕ್ಕೂ ಜಾಸ್ತಿ ಜನ ಸತ್ತರು. ವಾಜಿಮಾ ಪಟ್ಟಣದ ಹೆಸರಾಂತ ಸಂತೆಬೀದಿ ಬೆಂಕಿಗೆ ಸುಟ್ಟುಹೋಯಿತು. ಟೀವಿಯಲ್ಲಿ ನೀವು ನೋಡಿದ್ದು ಬಹುಶಃ ಆ ಬೆಂಕಿಯನ್ನೇ.

ಟೀವಿಯಲ್ಲಿ ಅಷ್ಟಾಗಿ ಕಾಣದ ಸಂಗತಿ ಇನ್ನೊಂದಿತ್ತು. ಆ ಪರ್ಯಾಯ ದ್ವೀಪದ ಉತ್ತರ ದಂಡೆ ಪೂರ್ತಿ ಮೇಲೆದ್ದಿತ್ತು. ಕೆಲವು ಕಡೆ ಒಂದು ಮೀಟರ್, ಕೆಲವು ಕಡೆ ಎರಡು, ಕೈಸೊ ಎಂಬ ಮೀನುಗಾರಿಕೆ ಬಂದರಿನ ಹತ್ತಿರ ಸುಮಾರು 4 ಮೀಟರ್. ಸಮುದ್ರದ ತಳವೇ ಹೊರಗೆ ಬಂತು. ಕೆಲವು ಜಾಗದಲ್ಲಿ ದಡ 200 ಮೀಟರಿಗಿಂತ ಜಾಸ್ತಿ ಮುಂದಕ್ಕೆ ಹೋಯಿತು. ಇಲ್ಲಿ ಬೋಟಿನವರು ಇದ್ದೀರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೀನುಗಾರಿಕೆ ಬಂದರಿನಲ್ಲಿ ನೀರಿನ ಆಳ ಇರುವುದೇ ಮೂರೋ ನಾಲ್ಕೋ ಮೀಟರ್. ತಳ ನಾಲ್ಕು ಮೀಟರ್ ಮೇಲೆ ಬಂದರೆ ಏನಾಗುತ್ತದೆ? ನಾವು ಎರಡು ಅಡಿ ಹೂಳು ತುಂಬಿದ್ದಕ್ಕೇ ಅಳಿವೆ ಬಾಗಿಲಲ್ಲಿ ಪರದಾಡುತ್ತೇವೆ.

ಇದು ಪರಿಹಾರ ಕೆಲಸಕ್ಕೂ ಅಡ್ಡ ಬಂತು. ಗುಡ್ಡ ಕುಸಿದು ದಂಡೆಯ ಹೆದ್ದಾರಿ ಅಲ್ಲಲ್ಲಿ ತುಂಡಾಗಿತ್ತು. ರಸ್ತೆ ಇಲ್ಲದಿದ್ದರೆ ಸಮುದ್ರದಿಂದ ಹೋಗೋಣ ಎಂದುಕೊಳ್ಳುವುದು ಸಹಜ ಅಲ್ವಾ? ಹಡಗು ಬಂದರೆ ಕಟ್ಟಲು ದಕ್ಕೆ ಇದೆ, ದಕ್ಕೆಯ ಬುಡದಲ್ಲಿ ಆಳವಿಲ್ಲ. ಕೊನೆಗೆ ಅಲ್ಲಿನ ರಕ್ಷಣಾ ಪಡೆಯವರು ಗಾಳಿಯ ಮೆತ್ತೆಯ ಮೇಲೆ ತೇಲಿಕೊಂಡು ಬರುವ ಹೋವರ್‌ಕ್ರಾಫ್ಟ್‌ನಲ್ಲಿ ಭಾರಿ ಯಂತ್ರಗಳನ್ನು ತಂದು, ವಾಜಿಮಾದ ಮರಳ ದಂಡೆಗೇ ಇಳಿಸಿದರು.

ಅಂಥ ಹೊತ್ತಿನಲ್ಲಿ ಅಧಿಕಾರಿಗಳಿಗೆ ಬೇಕಾದದ್ದು ಒಂದೇ ಉತ್ತರ: ಯಾವ ಬಂದರಿಗೆ ಇನ್ನೂ ಹಡಗು ಹೋಗಬಹುದು? ಜಪಾನಿನಲ್ಲಿ ನೆಲದ ಚಲನೆ ಅಳೆಯುವ ಜಿಪಿಎಸ್ ಕಂಬಗಳು ದೇಶದಾದ್ಯಂತ ಸುಮಾರು 1,300 ಇವೆ. ಜಗತ್ತಿನಲ್ಲಿ ಅಷ್ಟು ಒತ್ತಾಗಿ ನೆಟ್ಟವರು ಕಡಿಮೆ. ಆದರೂ ಒಂದು ಕಂಬಕ್ಕೂ ಇನ್ನೊಂದಕ್ಕೂ ಸುಮಾರು 20 ಕಿಲೋಮೀಟರ್ ಅಂತರ. ನಡುವೆ ಹತ್ತಾರು ಸಣ್ಣ ಬಂದರು ಬರುತ್ತವೆ. ಆ ಜಾಗವನ್ನು ತುಂಬಿದ್ದು ದೈಚಿ-2 ಎಂಬ ರೇಡಾರ್ ಉಪಗ್ರಹ. 2014ರ ಮೇ ತಿಂಗಳಲ್ಲಿ ಹಾರಿಸಿದ್ದು, 628 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಭೂಕಂಪವಾದ ಅದೇ ರಾತ್ರಿ ಅದು ನೋಟೊ ಮೇಲೆ ಹಾದು ಚಿತ್ರ ತೆಗೆಯಿತು. ಜಪಾನಿನ ಭೂಮಾಪನ ಇಲಾಖೆ ಮರುದಿನದಿಂದಲೇ ಲೆಕ್ಕ ಹೊರಗೆ ಹಾಕತೊಡಗಿತು.

ರಾತ್ರಿ ಚಿತ್ರ ತೆಗೆಯುವುದು ಹೇಗೆ ಎಂದು ಕೇಳಬಹುದು. ಸಾಮಾನ್ಯ ಕ್ಯಾಮೆರಾ ಉಪಗ್ರಹಕ್ಕೆ ಸೂರ್ಯ ಬೇಕು, ಮೋಡ ಇರಬಾರದು. ರೇಡಾರ್ ತನ್ನ ಬೆಳಕನ್ನು ತಾನೇ ತರುತ್ತದೆ. ಆ ಬೆಳಕು ಮೈಕ್ರೋವೇವ್, ಕಣ್ಣಿಗೆ ಕಾಣದ್ದು. ಮೋಡದೊಳಗಿಂದ ಸಲೀಸಾಗಿ ಹಾದುಹೋಗುತ್ತದೆ. ಉಪಗ್ರಹ ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ಪಕ್ಕಕ್ಕೆ ನೋಡುತ್ತದೆ. ಅಲೆ ಬಿಡುತ್ತದೆ, ವಾಪಸು ಬಂದದ್ದನ್ನು ಎಣಿಸುತ್ತದೆ.

ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಕಾರು ಓಡಿಸಿದವರಿಗೆ ಇದು ಬೇಗ ಹೊಳೆಯುತ್ತದೆ. ಒದ್ದೆ ರಸ್ತೆ ನಿಮ್ಮ ಹೆಡ್‌ಲೈಟಿನಲ್ಲಿ ಕಪ್ಪಗೆ ಕಾಣುತ್ತದೆ, ಬಿಳಿ ಗೆರೆಯೂ ಕಾಣುವುದಿಲ್ಲ. ಯಾಕೆ? ನೀರು ಕನ್ನಡಿಯ ಹಾಗೆ ಬೆಳಕನ್ನೆಲ್ಲ ಮುಂದಕ್ಕೆ ತಳ್ಳಿಬಿಡುತ್ತದೆ, ನಿಮ್ಮ ಕಣ್ಣಿಗೆ ವಾಪಸು ಏನೂ ಬರುವುದಿಲ್ಲ. ರೇಡಾರ್‌ಗೂ ಹಾಗೇ. ಬಂದರಿನೊಳಗಿನ ಶಾಂತ ನೀರು ಚಿತ್ರದಲ್ಲಿ ಕಪ್ಪು. ಒರಟು ಕಲ್ಲು ಅಲೆಯನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ಅದರಲ್ಲಿ ಸ್ವಲ್ಪ ವಾಪಸು ಬರುತ್ತದೆ, ಆದ್ದರಿಂದ ಬೂದು. ದಕ್ಕೆಯ ನೇರ ಗೋಡೆ, ಕಟ್ಟಡದ ಮೂಲೆ ಇಂಥವು ನೆಲಕ್ಕೆ ಬಡಿದ ಅಲೆಯನ್ನು ಮತ್ತೆ ಗೋಡೆಗೆ ಬಡಿಸಿ ಬಂದ ದಾರಿಯಲ್ಲೇ ಕಳಿಸುತ್ತವೆ. ಅವು ಚಿತ್ರದಲ್ಲಿ ಝಗ್ಗನೆ ಬಿಳಿ.

ಈಗ ನೋಟೊದ ಒಂದು ಮೀನುಗಾರಿಕೆ ಬಂದರಿನ ಎರಡು ಚಿತ್ರ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲನೆಯದು ಭೂಕಂಪಕ್ಕೆ ಮುಂಚಿನದು. ಬ್ರೇಕ್‌ವಾಟರ್ ತೆಳ್ಳಗಿನ ಬಿಳಿ ಗೆರೆ, ಅದರೊಳಗೆ ಕಪ್ಪು ನೀರು. ಎರಡನೆಯದು ಆಮೇಲಿನದು. ಬಿಳಿ ಗೆರೆ ಹಾಗೇ ಇದೆ. ಒಳಗಿನ ಕಪ್ಪು ಬೂದಾಗಿದೆ, ಬ್ರೇಕ್‌ವಾಟರಿನ ಹೊರಗೂ ಬೂದು ಹರಡಿದೆ. ಅದು ಹೊರಬಂದ ಬಂಡೆಯ ತಳ. ಕಲಿತವರೇ ನೋಡಬೇಕೆಂದಿಲ್ಲ, ಎಂಟನೇ ಕ್ಲಾಸಿನ ಹುಡುಗಿಯೂ ಗುರುತಿಸುತ್ತಾಳೆ.

ಇದಾದ ಮೇಲೆ ಭೂವಿಜ್ಞಾನಿಗಳು ಕೈಸೊಗೆ ಹೋಗಿ ಖುದ್ದಾಗಿ ಅಳೆದರು. ಅವರು ಅಳೆದದ್ದು ಹೇಗೆ ಗೊತ್ತಾ? ದಕ್ಕೆಯ ಗೋಡೆಗೆ ಅಂಟಿಕೊಂಡ ಪಾಚಿ ಮತ್ತು ಚಿಪ್ಪಿನಂಥ ಜೀವಿಗಳನ್ನು ನೋಡಿ. ಅವು ಬದುಕುವುದು ನೀರಿನ ಮಟ್ಟದ ಆಸುಪಾಸಿನಲ್ಲಿ ಮಾತ್ರ. ಅವು ಇದ್ದ ಪಟ್ಟಿ ಈಗ ಆಳೆತ್ತರಕ್ಕೂ ಮೇಲೆ ಒಣಗಿ ನಿಂತಿತ್ತು. ಆ ಪಟ್ಟಿಯಿಂದ ಈಗಿನ ನೀರಿನವರೆಗೆ ಟೇಪು ಹಿಡಿದರೆ ನೆಲ ಎಷ್ಟು ಎದ್ದಿದೆ ಅಂತ ಸಿಕ್ಕಿತು. ಆಕಾಶದ ಲೆಕ್ಕವೂ ಪಾಚಿಯ ಲೆಕ್ಕವೂ ಒಂದೇ ಮಾತು ಹೇಳಿದವು. ನನಗೆ ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾದ ಭಾಗ ಇದು.

ಇನ್ನು ಸ್ವಲ್ಪ ಲೆಕ್ಕಕ್ಕೆ ಬರೋಣ, ಹೆದರಬೇಡಿ. ರೇಡಾರ್ ಎಷ್ಟು ಅಲೆ ವಾಪಸು ಬಂತು ಅನ್ನುವುದನ್ನಷ್ಟೇ ಅಲ್ಲ, ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿ ಬಂದು ಮುಟ್ಟಿತು ಅನ್ನುವುದನ್ನೂ ಬರೆದಿಡುತ್ತದೆ. ಒಂದೇ ಜಾಗವನ್ನು ಒಂದೇ ದಾರಿಯಿಂದ ಎರಡು ಸಲ ನೋಡಿದರೆ, ನಡುವೆ ನೆಲ ಅಲುಗಾಡಿದ್ದರೆ, ಆ ಹಂತ ಬದಲಾಗಿರುತ್ತದೆ. ಎರಡನ್ನೂ ಕಳೆದರೆ ಬಣ್ಣದ ಸುತ್ತುಗಳ ನಕ್ಷೆ ಬರುತ್ತದೆ. ಒಂದು ಸುತ್ತು ಅಂದರೆ ಅಲೆಯ ಉದ್ದದ ಅರ್ಧದಷ್ಟು ಚಲನೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಅಲೆ 5.6 ಸೆಂಟಿಮೀಟರ್, ಹಾಗಾಗಿ ಒಂದು ಸುತ್ತಿಗೆ 2.8. ದೈಚಿಯ ಅಲೆ ಸುಮಾರು 24, ಒಂದು ಸುತ್ತಿಗೆ 12. ಸುಮಾರು 700 ಕಿಲೋಮೀಟರ್ ಮೇಲಿನಿಂದ ಬೆರಳಿನ ಅಗಲದ ಚಲನೆ ಹಿಡಿಯುವುದು ಅಂದರೆ ಇದೇ.

ನೋಟೊದಲ್ಲಿ ಆದದ್ದು ಈ ವಿಧಾನಕ್ಕೂ ಜಾಸ್ತಿಯಾಯಿತು. ನಾಲ್ಕು ಮೀಟರಿಗೆ ಮೂವತ್ತಕ್ಕೂ ಹೆಚ್ಚು ಸುತ್ತು ಬರಬೇಕು, ಅದೂ ಸ್ವಲ್ಪವೇ ದೂರದಲ್ಲಿ. ಸುತ್ತುಗಳು ಒಂದರ ಮೇಲೊಂದು ಒತ್ತಿಕೊಂಡು ಕಲಸಿಹೋದವು. ಆಗ ಹಳೆಯ ಒರಟು ದಾರಿ ಹಿಡಿದರು. ಎರಡು ಚಿತ್ರಗಳಲ್ಲಿ ಒಂದೇ ಗುರುತು ಎಲ್ಲಿಂದ ಎಲ್ಲಿಗೆ ಜರುಗಿದೆ ಎಂದು ತುಣುಕು ತುಣುಕಾಗಿ ಹೊಂದಿಸಿ ನೋಡುವುದು. ನಿಖರತೆ ಕಡಿಮೆ, ಆದರೆ ಬಂದರಿನ ಆಳ ಕೇಳುವವನಿಗೆ ಸೆಂಟಿಮೀಟರ್ ಯಾಕೆ ಬೇಕು? ಒಂದೋ ಮೂರೋ ಎಂದು ಗೊತ್ತಾದರೆ ಸಾಕು. ಅತಿ ಸೂಕ್ಷ್ಮ ವಿಧಾನವೇ ಯಾವಾಗಲೂ ಒಳ್ಳೆಯದು ಎಂದು ಹಟ ಹಿಡಿಯುವ ವಿದ್ಯಾರ್ಥಿಗಳಿಗೆ ನಾನು ಇದನ್ನೇ ತೋರಿಸುತ್ತೇನೆ.

ನೆಲ ಮೇಲೆದ್ದರೆ ಬಂದರು ಒಣಗುತ್ತದೆ. ಕೆಳಗಿಳಿದರೆ? ಅದಕ್ಕೂ ಜಪಾನಿನದ್ದೇ ಉದಾಹರಣೆ, 2011ರ ಮಾರ್ಚ್ 11ರ ಭೂಕಂಪ. ಸುನಾಮಿ ಎಲ್ಲರಿಗೂ ನೆನಪಿದೆ. ಸುನಾಮಿ ವಾಪಸು ಹೋದ ಮೇಲೂ ಇಶಿನೊಮಾಕಿಯಂಥ ಊರುಗಳಲ್ಲಿ ನೀರು ಬಿಡಲಿಲ್ಲ. ಹತ್ತಿರದ ಒಶಿಕಾ ಪರ್ಯಾಯ ದ್ವೀಪ ಒಂದು ಮೀಟರಿಗೂ ಜಾಸ್ತಿ ಕುಸಿದಿತ್ತು. ಭರತ ಬಂದಾಗಲೆಲ್ಲ ಸಮುದ್ರ ಬೀದಿಗೆ ಬರುತ್ತಿತ್ತು, ದಕ್ಕೆ ನೀರಿನಡಿ ಹೋಗುತ್ತಿತ್ತು. ಗಟ್ಟಿಯಾಗಿ ನಿಂತ ದಕ್ಕೆಯೂ ಎತ್ತರ ತಪ್ಪಿದರೆ ಕೆಲಸಕ್ಕೆ ಬಾರದು. ಬಿರುಕು ಹುಡುಕುತ್ತ ದಂಡೆಯಲ್ಲಿ ನಡೆದುಕೊಂಡು ಹೋಗುವ ಇಂಜಿನಿಯರಿಗೆ ಈ ಹಾನಿ ಬೇಗ ಕಾಣುವುದಿಲ್ಲ, ಯಾಕೆಂದರೆ ಅವನು ನಿಂತ ನೆಲವೂ ಅವನ ಜೊತೆಗೇ ಇಳಿದಿರುತ್ತದೆ.

ಆಗ ಸಮೀಕ್ಷೆ ಮಾಡಿದ್ದು ಮೊದಲ ದೈಚಿ. 2006ರಲ್ಲಿ ಹಾರಿದ್ದು, ಐದು ವರ್ಷ ದಾಟಿತ್ತು. ಈ ದುರಂತದ ಚಿತ್ರಗಳನ್ನು ತೆಗೆದುಕೊಟ್ಟು, ಏಪ್ರಿಲ್‌ನಲ್ಲಿ ವಿದ್ಯುತ್ ಕೈಕೊಟ್ಟು ಸುಮ್ಮನಾಯಿತು. ಮೇ ತಿಂಗಳಲ್ಲಿ ಅದರ ಕೆಲಸ ಮುಗಿಯಿತು ಎಂದು ಘೋಷಿಸಿದರು. ಎರಡನೆಯದು ಹಾರಲು ಮೂರು ವರ್ಷ ಬೇಕಾಯಿತು. ಈ ಮೂರು ವರ್ಷವನ್ನು ನೆನಪಿಟ್ಟುಕೊಳ್ಳಿ.

ಮೇಲೆ-ಕೆಳಗೆ ಆಗದೆ, ಕಟ್ಟಡ ಒಡೆದರೆ? ಬೈರೂತ್ ಬಂದರಿಗೆ ಹೋಗೋಣ. 2020ರ ಆಗಸ್ಟ್ 4. ಗೋದಾಮಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸ್ಫೋಟಿಸಿತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಮತ್ತು ಸಿಂಗಪುರದ ಭೂ ವೀಕ್ಷಣಾಲಯದವರು ಸೇರಿ ಸೆಂಟಿನೆಲ್-1ರ ಚಿತ್ರಗಳಿಂದ ಹಾನಿಯ ನಕ್ಷೆ ಮಾಡಿದರು. ಬಂದರಿನ ಸುತ್ತ ಗಾಢ ಕೆಂಪು, ದೂರ ಹೋದಂತೆ ಹಳದಿ.

ಅದು ಹೇಗೆಂದರೆ, ಒಂದು ಚಿತ್ರದ ಒಂದು ಚುಕ್ಕೆಯಲ್ಲಿ ಹತ್ತಾರು ವಸ್ತುಗಳ ಪ್ರತಿಧ್ವನಿ ಸೇರಿರುತ್ತದೆ. ಗೋಡೆ, ಮಾಡು, ಕಂಬಿ, ಮೆಟ್ಟಿಲು. ಅವೆಲ್ಲ ಇದ್ದಲ್ಲೇ ಇದ್ದರೆ ಹನ್ನೆರಡು ದಿನ ಬಿಟ್ಟು ನೋಡಿದರೂ ಅದೇ ಪ್ರತಿಧ್ವನಿ. ಕಟ್ಟಡ ಕುಸಿದರೆ ಎಲ್ಲ ಅಸ್ತವ್ಯಸ್ತ, ಪ್ರತಿಧ್ವನಿ ಹೊಂದುವುದೇ ಇಲ್ಲ. ಎಲ್ಲೆಲ್ಲಿ ಹೊಂದಾಣಿಕೆ ದಿಢೀರನೆ ಬಿದ್ದಿದೆಯೋ ಅಲ್ಲಿ ಕೆಂಪು ಹಾಕುತ್ತಾರೆ.

ಇಲ್ಲೊಂದು ತಮಾಷೆ ಇದೆ. ಬಂದರಿನ ಕಂಟೇನರ್ ಯಾರ್ಡನ್ನು ನೆನೆಸಿಕೊಳ್ಳಿ. ಪಣಂಬೂರಿನದ್ದೇ ಇರಲಿ. ಪೆಟ್ಟಿಗೆಗಳು ದಿನಾ ಬರುತ್ತವೆ, ಹೋಗುತ್ತವೆ. ಕಲ್ಲಿದ್ದಲಿನ ರಾಶಿ ಏರುತ್ತದೆ, ಇಳಿಯುತ್ತದೆ. ರೇಡಾರ್ ಕಣ್ಣಿಗೆ ಅಲ್ಲಿ ದಿನಾ ಭೂಕಂಪ! ಏನೂ ಆಗದಿದ್ದರೂ ಹೊಂದಾಣಿಕೆ ಇರುವುದಿಲ್ಲ. ದಕ್ಕೆಗೆ ಕಟ್ಟಿದ ಬೋಟು, ಗಾಳಿಗೆ ಆಡುವ ಮರ, ಎಲ್ಲವೂ ಹಾಗೇ. ಅದನ್ನು ಹಾನಿ ಎಂದು ಬರೆದರೆ ಮರ್ಯಾದೆ ಹೋಗುತ್ತದೆ. ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ. ದುರಂತಕ್ಕೆ ಮುಂಚಿನ ಹತ್ತಾರು ಚಿತ್ರಗಳನ್ನು ನೋಡಿ, ಈ ಜಾಗ ಮಾಮೂಲಿ ದಿನಗಳಲ್ಲಿ ಎಷ್ಟು ಬದಲಾಗುತ್ತದೆ ಎಂದು ಮೊದಲು ತಿಳಿದುಕೊಳ್ಳುವುದು. ಆಮೇಲೆ ಅದಕ್ಕಿಂತ ಜಾಸ್ತಿ ಬದಲಾದದ್ದನ್ನು ಮಾತ್ರ ಹಾನಿ ಎನ್ನುವುದು.

ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇಲ್ಲಿಗೇ. ದುರಂತ ಆದ ಮೇಲೆ ಉಪಗ್ರಹ ತಿರುಗಿಸಿ ಚಿತ್ರ ತೆಗೆಯುವುದು ದೊಡ್ಡ ಸಂಗತಿಯಲ್ಲ. ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದವೇ ಇದೆ. ಬಾಹ್ಯಾಕಾಶ ಮತ್ತು ಮಹಾ ದುರಂತಗಳ ಚಾರ್ಟರ್ ಎನ್ನುತ್ತಾರೆ, ಇಸ್ರೋ 2001ರಿಂದ ಅದರಲ್ಲಿದೆ. ಯಾವ ದೇಶಕ್ಕೆ ಕಷ್ಟ ಬಂದರೂ ಉಳಿದವರು ಪುಕ್ಕಟೆಯಾಗಿ ಚಿತ್ರ ಕೊಡುತ್ತಾರೆ. ಆದರೆ ಮುಂಚಿನ ಚಿತ್ರವನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಅದೇ ಉಪಗ್ರಹ, ಅದೇ ಕಕ್ಷೆ, ಅದೇ ಓರೆ ಕೋನ, ಅದೇ ಅಲೆಯಲ್ಲಿ, ಏನೂ ಆಗದ ದಿನ ತೆಗೆದಿಟ್ಟಿರಬೇಕು. ಯಾರಿಗೂ ಸ್ವಾರಸ್ಯ ಕಾಣದ ಚಿತ್ರಗಳು ಅವು. ಬಜೆಟ್ ಕೇಳಲು ಹೋದರೆ "ಇದರಿಂದ ಏನು ಉಪಯೋಗ" ಎನ್ನುತ್ತಾರೆ. ಸೆಂಟಿನೆಲ್-1ರ ಜೋಡಿಯಲ್ಲಿ ಎರಡನೆಯದು 2021ರ ಡಿಸೆಂಬರಿನಲ್ಲಿ ಕೆಟ್ಟುಹೋಯಿತು. ಅದರ ಜಾಗಕ್ಕೆ ಇನ್ನೊಂದು ಹಾರಿದ್ದು 2024ರ ಡಿಸೆಂಬರಿನಲ್ಲಿ. ನಡುವಿನ ಮೂರು ವರ್ಷ ಎಷ್ಟೋ ದೇಶಗಳಿಗೆ ಅರ್ಧ ಚಿತ್ರಗಳೇ ಸಿಕ್ಕವು. ಜಪಾನಿನ ಮೂರು ವರ್ಷ ನೆನಪಿದೆಯಲ್ಲ, ಹಾಗೇ ಇದೂ.

ನಮ್ಮ ಕಡೆಗೆ ಬರೋಣ. ಉಳ್ಳಾಲ, ಸೋಮೇಶ್ವರದಲ್ಲಿ ಕಡಲ್ಕೊರೆತ ಆಗುವುದು ಯಾವಾಗ? ಜೂನ್, ಜುಲೈ. ಕ್ಯಾಮೆರಾ ಉಪಗ್ರಹಕ್ಕೆ ನಮ್ಮ ಕರಾವಳಿ ಕಾಣದಿರುವುದು ಯಾವಾಗ? ಅದೇ ಜೂನ್, ಜುಲೈ. ಮೇ ತಿಂಗಳಲ್ಲಿ ಒಂದು ಚೆಂದದ ಚಿತ್ರ, ಅಕ್ಟೋಬರಿನಲ್ಲಿ ಇನ್ನೊಂದು. ನಡುವೆ ನಾಲ್ಕು ತಿಂಗಳು ಬರೀ ಮೋಡ. ಗೋಡೆಯ ಕಲ್ಲು ಯಾವ ವಾರ ಜಾರಿತು, ಒಂದೇ ಸಲ ಹೋಯಿತೋ ಸ್ವಲ್ಪ ಸ್ವಲ್ಪವೇ ಕುಸಿಯಿತೋ, ಆ ಚಿತ್ರ ಹೇಳುವುದಿಲ್ಲ. ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಅಷ್ಟೇ ಲೋಡು ಕಲ್ಲು ಸುರಿಯುತ್ತೇವೆ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ್ದು. ಅಮೆರಿಕದ ಭಾಗ, ಅಹಮದಾಬಾದಿನ ಭಾಗ ಎರಡನ್ನೂ ಜೋಡಿಸಿ ಪರೀಕ್ಷೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. 12 ಮೀಟರ್ ಅಗಲದ ಜಾಲರಿ ಆಂಟೆನಾ, ಛತ್ರಿಯ ಹಾಗೆ ಮಡಚಿಕೊಂಡು ಹೋಗಿ ಮೇಲೆ ಬಿಚ್ಚಿಕೊಂಡಿತು. 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಅದರಲ್ಲಿ ಎರಡು ಅಲೆಗಳಿವೆ. ಉದ್ದದ್ದು ಸುಮಾರು 24 ಸೆಂಟಿಮೀಟರ್, ಗಿಡ್ಡದ್ದು ಒಂಬತ್ತು ಚಿಲ್ಲರೆ. ನಮಗೆ ಈ ಉದ್ದದ ಅಲೆ ಮುಖ್ಯ. ನಮ್ಮ ದಂಡೆಯ ತುಂಬ ತೆಂಗಿನ ತೋಟ. ಸೆಂಟಿನೆಲ್‌ನ ಗಿಡ್ಡ ಅಲೆ ಗರಿಗಳಲ್ಲೇ ಕಳೆದುಹೋಗುತ್ತದೆ, ಗಾಳಿಗೆ ಗರಿ ಆಡಿದರೆ ಹೊಂದಾಣಿಕೆ ತಪ್ಪುತ್ತದೆ. ಉದ್ದದ ಅಲೆ ಎಲೆಗಳ ನಡುವಿನಿಂದ ನೆಲದವರೆಗೆ ಇಳಿಯುತ್ತದೆ.

ಇಷ್ಟು ಹೇಳಿದ ಕೂಡಲೇ ಬರುವ ಪ್ರಶ್ನೆ ನನಗೆ ಗೊತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತಲ್ಲ, ಒಂದು ಲಾರಿ ನದಿಗೆ ಬಿತ್ತು, ಡ್ರೈವರನ್ನು ಮೀನುಗಾರರು, ಪೊಲೀಸರು ಸೇರಿ ಉಳಿಸಿದರು. ರೇಡಾರ್ ಅದನ್ನು ಮೊದಲೇ ಹೇಳಬಹುದಿತ್ತೇ? ಹೌದು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಸೇತುವೆ ಬಿದ್ದು 43 ಜನ ಸತ್ತರು. ಆಮೇಲೆ ಒಂದು ತಂಡ ಹಳೆಯ ರೇಡಾರ್ ಚಿತ್ರಗಳನ್ನು ಕೆದಕಿ, ಬೀಳುವ ಮುಂಚೆಯೇ ಅದು ಅಲುಗಾಡಿದ್ದು ಕಾಣುತ್ತದೆ ಎಂದಿತು. ಇನ್ನೊಂದು ತಂಡ ತನ್ನ ಲೆಕ್ಕ ಮುಂದಿಟ್ಟು, ಅಂಥದ್ದೇನೂ ಕಾಣುವುದಿಲ್ಲ ಎಂದಿತು. ಸೇತುವೆ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಲಾರಿ ಹೋದರೆ ಅದುರುತ್ತದೆ. ಅದರಲ್ಲಿ ಅಪಾಯದ ಚಲನೆ ಯಾವುದು ಎಂದು ಬೇರೆ ಮಾಡುವುದು ಕಷ್ಟ. ಕಂಬದ ಬುಡ ನೀರಿನಡಿ ಕೊರೆದುಹೋಗಿದ್ದರಂತೂ ರೇಡಾರ್ ಅಲ್ಲಿಗೆ ಇಳಿಯುವುದೇ ಇಲ್ಲ. ಮೈಕ್ರೋವೇವ್ ನೀರಿನೊಳಗೆ ಹೋಗುವುದಿಲ್ಲ. ಅದಕ್ಕೆ ಮುಳುಗುಗಾರರು ಬೇಕು, ಸೋನಾರ್ ಬೇಕು.

ಹೇಳಿಬಿಡುತ್ತೇನೆ, ಶಿರೂರಿನ ಗುಡ್ಡ ಕುಸಿತದಲ್ಲಿ ಲಾರಿ ಹುಡುಕಲು ತಂದ ರೇಡಾರ್ ಬೇರೆ. ಅದು ಮಣ್ಣಿನೊಳಗೆ ನೋಡುವ ಯಂತ್ರ, ಹತ್ತಿರದಿಂದಲೇ ಕೆಲಸ ಮಾಡಬೇಕು. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಗೊಂದಲ.

ಇನ್ನು ಕಲ್ಲಿನ ತಡೆಗೋಡೆ. ಒಂದೊಂದು ಕಲ್ಲು ಉಪಗ್ರಹಕ್ಕೆ ಕಾಣುವುದಿಲ್ಲ, ಅದರ ಒಂದು ಚುಕ್ಕೆಯೇ ಹತ್ತು ಮೀಟರಿನ ಆಸುಪಾಸು ಇರುತ್ತದೆ. ಮಳೆಗಾಲದ ನೊರೆ, ಅಲೆ ಕೂಡ ಬೆಳ್ಳಗೆ ಕಂಡು ಗೋಡೆಯೊಂದಿಗೆ ಬೆರೆತುಹೋಗುತ್ತದೆ. ಇದಕ್ಕೆ ಒಂದು ಅಗ್ಗದ ಉಪಾಯವಿದೆ. ಮೂರು ಅಲ್ಯೂಮಿನಿಯಂ ಹಲಗೆಗಳನ್ನು ಮೂಲೆಯ ಹಾಗೆ ಜೋಡಿಸಿ ಬ್ರೇಕ್‌ವಾಟರಿನ ಮೇಲೆ ಭದ್ರವಾಗಿ ಕೂರಿಸುವುದು. ಉಪಗ್ರಹದ ಕಡೆ ಮುಖ ಮಾಡಿಟ್ಟರೆ ಅದು ಚಿತ್ರದಲ್ಲಿ ಒಂದು ನಕ್ಷತ್ರದ ಹಾಗೆ ಹೊಳೆಯುತ್ತದೆ, ಅದು ಎಷ್ಟು ತಗ್ಗಿತು ಎಂದು ಪ್ರತಿ ಸಲ ಅಳೆಯಬಹುದು. ಪ್ರತಿ ಬ್ರೇಕ್‌ವಾಟರಿಗೆ ಒಂದೆರಡು ಇಟ್ಟರೂ ಸಾಕು. ಕೋಟಿಗಟ್ಟಲೆ ಕಲ್ಲು ಹಾಕುವ ಟೆಂಡರಿನಲ್ಲಿ ಇದಕ್ಕೊಂದು ಸಾಲು ಯಾಕೆ ಇರಬಾರದು? ಇಟ್ಟ ಮೇಲೆ ಯಾರೂ ಗುಜರಿಗೆ ಹಾಕದ ಹಾಗೆ ನೋಡಿಕೊಳ್ಳಬೇಕು, ಆ ಮಾತು ಬೇರೆ.

ಇಲ್ಲಿರುವ ವಿದ್ಯಾರ್ಥಿಗಳು ಕೈ ಹಾಕಬೇಕೆಂದಿದ್ದರೆ ದುಡ್ಡು ಬೇಕಿಲ್ಲ. ಸೆಂಟಿನೆಲ್-1ರ ಚಿತ್ರಗಳು ಪುಕ್ಕಟೆ, ಅವನ್ನು ಬಿಡಿಸುವ ಸ್ನ್ಯಾಪ್ ತಂತ್ರಾಂಶವೂ ಪುಕ್ಕಟೆ. ಇಸ್ರೋದ ಚಿತ್ರಗಳಿಗೆ ಭೂನಿಧಿ ಎಂಬ ತಾಣವಿದೆ. ಒಂದು ಎಚ್ಚರಿಕೆ ಮಾತ್ರ, ಭರತ ಇಳಿತ ನೋಡಿಕೊಳ್ಳಿ. ಈ ಉಪಗ್ರಹಗಳು ಬರುವುದು ದಿನದ ಅದೇ ಹೊತ್ತಿಗೆ, ಬೆಳಿಗ್ಗೆ ಅಥವಾ ಸಂಜೆ ಆರರ ಆಸುಪಾಸು. ಭರತ ಮಾತ್ರ ದಿನಾ ಜರುಗುತ್ತದೆ. ಒಂದು ಚಿತ್ರ ಭರತದ್ದು, ಇನ್ನೊಂದು ಇಳಿತದ್ದು ಆದರೆ ಉಳ್ಳಾಲದ ದಂಡೆ ಒಂದೇ ವಾರದಲ್ಲಿ ಬೆಳೆದುಬಿಟ್ಟಂತೆ ಕಾಣುತ್ತದೆ. ನೋಟೊದವರಿಗೆ ಈ ತಲೆನೋವು ಇರಲಿಲ್ಲ, ಆ ಸಮುದ್ರದಲ್ಲಿ ಏರಿಳಿತ ಅರ್ಧ ಮೀಟರೂ ಇಲ್ಲ.

ಬೋಟಿನವರಿಗೆ, ದಂಡೆಯಲ್ಲಿ ಮನೆ ಇರುವವರಿಗೆ ಒಂದು ಕೆಲಸ ಹೇಳುತ್ತೇನೆ. ಗೋಡೆಯ ಕಲ್ಲು ಜಾರಿದರೆ, ದಕ್ಕೆಯ ಅಂಚು ತಗ್ಗಿದರೆ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಜಾಗ ಮತ್ತು ತಾರೀಕು ಬರೆದಿಡಿ. ಮೇಲಿನ ಚಿತ್ರದಲ್ಲಿ ಏನೋ ಬದಲಾಗಿದೆ ಎಂದು ನಮಗೆ ಕಾಣುತ್ತದೆ, ಏನು ಎಂದು ಹೇಳಬೇಕಾದವರು ನೀವು. ತಾರೀಕು ಸರಿಯಾಗಿರಲಿ. "ಕಳೆದ ಮಳೆಗಾಲದಲ್ಲಿ" ಎಂದರೆ ನಾವು ಒಂದು ಉಪಗ್ರಹದ ಹತ್ತು ಚಿತ್ರ ತಡಕಾಡಬೇಕು. "ಜುಲೈ 14ರ ರಾತ್ರಿ" ಎಂದರೆ ಎರಡೇ ಸಾಕು.